ಸಾಲ ಇಳಿಯಲಿ, ಆದರೆ ಯಾವ ಖರ್ಚು ಕಡಿದು?

ನಮ್ಮ ಮನೆಯಲ್ಲಿ ದೊಡ್ಡವರು ಉರ್ದುವಿನಲ್ಲಿ 'ಚಾದರ ನೋಡಿ ಕಾಲು ಚಾಚು' ಎನ್ನುತ್ತಾರೆ. ಕನ್ನಡದಲ್ಲಿ ಅದೇ ಮಾತು 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಸಾಲ ಕಡಿಮೆ ಮಾಡುವಾಗ ಸರ್ಕಾರಗಳೂ ಇದನ್ನೇ ಹೇಳುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಸರ್ಕಾರ ಇಂದು ಮಾಡುವ ಸಾಲವನ್ನು ಎಷ್ಟೋ ಸಲ ಮುಂದಿನ ತಲೆಮಾರು ತೀರಿಸಬೇಕು. ಕೇಂದ್ರ ಸರ್ಕಾರ 40 ವರ್ಷಗಳ ಬಾಂಡ್‌ಗಳನ್ನೂ ಮಾರುತ್ತದೆ. ಈಗ 17 ವರ್ಷದವರಾದ ನಮಗೆ ಆ ಸಾಲ ತೀರುವಾಗ 57 ಆಗಿರುತ್ತದೆ. ಹಾಗಾಗಿ ಈ ವಿಷಯ ನಮ್ಮದೂ ಹೌದು.

ಸಾಲ ಇಳಿಸಲು ಮೊದಲ ಕಾರಣ ಬಡ್ಡಿ. 2025-26ರ ಕೇಂದ್ರ ಬಜೆಟ್ ಪ್ರಕಾರ ಸರ್ಕಾರ ಖರ್ಚು ಮಾಡುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೇ ಹೋಗುತ್ತದೆ. ಅದು ಸುಮಾರು 12.76 ಲಕ್ಷ ಕೋಟಿ ರೂಪಾಯಿ. ಕೇಂದ್ರ ಶಿಕ್ಷಣ ಸಚಿವಾಲಯಕ್ಕೆ ಕೊಟ್ಟದ್ದು ಸುಮಾರು 1.28 ಲಕ್ಷ ಕೋಟಿ. ಅಂದರೆ ಬಡ್ಡಿ ಅದರ ಹತ್ತು ಪಟ್ಟು!

ಎರಡನೆಯದು ರಾಜಕೀಯ ಕಾರಣ. ಸಾಲ ಕೊಟ್ಟವರು ಷರತ್ತು ಹಾಕುತ್ತಾರೆ. 1991ರಲ್ಲಿ ವಿದೇಶಿ ವಿನಿಮಯ ಖಾಲಿಯಾಗುತ್ತಾ ಬಂದಾಗ ಭಾರತ ಸುಮಾರು 47 ಟನ್ ಚಿನ್ನವನ್ನು ಬ್ರಿಟನ್ ಮತ್ತು ಜಪಾನ್‌ನ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಐಎಂಎಫ್ ಷರತ್ತುಗಳನ್ನೂ ಒಪ್ಪಬೇಕಾಯಿತು. ಅಂಥ ದಿನ ಮತ್ತೆ ಬರುವುದು ಯಾವ ಸರ್ಕಾರಕ್ಕೂ ಬೇಡ. ಸಾಲಕ್ಕೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರಾಜ್ಯಗಳಲ್ಲೇ ಮೊದಲು ತಂದದ್ದು ನಮ್ಮ ಕರ್ನಾಟಕ, 2002ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3 ಮೀರಬಾರದು ಎಂಬುದು ಅದರ ಗುರಿ.

ಹಾಗಾದರೆ ಸಾಲ ಎಷ್ಟು ಬೇಗ ತೀರಿದರೆ ಅಷ್ಟು ಒಳ್ಳೆಯದೇ? ರೊಮೇನಿಯಾದ ಕಥೆ ಬೇರೆ ಹೇಳುತ್ತದೆ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುಗೆ ವಿದೇಶಿ ಸಾಲಗಾರರ ಹಂಗು ಬೇಡವಾಗಿತ್ತು. ಅದಕ್ಕಾಗಿ 1980ರ ದಶಕದಲ್ಲಿ ಆಹಾರ ಧಾನ್ಯಗಳನ್ನೂ ರಫ್ತು ಮಾಡಿಸಿದ. ಜನರಿಗೆ ಬ್ರೆಡ್ ರೇಷನ್‌ನಲ್ಲಿ, ಚಳಿಗಾಲದಲ್ಲೂ ವಿದ್ಯುತ್ ಕಡಿತ. 1989ರಲ್ಲಿ ಸಾಲ ತೀರಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಜನ ದಂಗೆಯೆದ್ದು ಅವನನ್ನು ಕೆಳಗಿಳಿಸಿದರು. ಲೆಕ್ಕ ಸರಿಯಾಗಿತ್ತು, ಜನ ಹಸಿದಿದ್ದರು.

ನನ್ನ ಅಭಿಪ್ರಾಯ ಇಷ್ಟೇ. ಸಾಲ ಇಳಿಯಬೇಕು, ಏಕೆಂದರೆ ಉಳಿಯುವ ಬಡ್ಡಿ ಹಣ ಶಾಲೆ, ಆಸ್ಪತ್ರೆಗೆ ಸಿಗಬಹುದು. ಆದರೆ ಶಾಲೆಯ ಹಣವನ್ನೇ ಕಡಿತ ಮಾಡಿ ಸಾಲ ಇಳಿಸಿದರೆ ಉದ್ದೇಶವೇ ಹಾಳು. ಓದಿದ ಮಕ್ಕಳು ದುಡಿದು ತೆರಿಗೆ ಕಟ್ಟಿದಾಗ ದೇಶದ ಆದಾಯ ಬೆಳೆಯುತ್ತದೆ. ಆದಾಯ ಸಾಲಕ್ಕಿಂತ ವೇಗವಾಗಿ ಬೆಳೆದರೆ ಹೊರೆ ತಾನಾಗಿಯೇ ಹಗುರವಾಗುತ್ತದೆ.

ಸ್ನೇಹಿತರೇ, ಮುಂದಿನ ವರ್ಷ ನಮ್ಮಲ್ಲಿ ಅನೇಕರು ಮತದಾರರಾಗುತ್ತೇವೆ. 'ಕೊರತೆ ಕಡಿಮೆಯಾಗಿದೆ' ಎಂದು ಬಜೆಟ್ ದಿನ ಯಾರಾದರೂ ಹೇಳಿದರೆ ಚಪ್ಪಾಳೆ ತಟ್ಟುವ ಮೊದಲು ವಿದ್ಯಾರ್ಥಿವೇತನ, ಹಾಸ್ಟೆಲ್, ಆಸ್ಪತ್ರೆಗಳ ಸಾಲುಗಳನ್ನೂ ಒಮ್ಮೆ ಓದೋಣ.