ನೋಡದೇ ಬೈದ ಸಿನಿಮಾವೊಂದರ ಬಗ್ಗೆ, ತಡವಾಗಿ

2006ರಲ್ಲಿ ನಾವು ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದಾಗ ತಿಂಗಳಿಗೊಂದು ಪ್ರಯೋಗ ಪತ್ರಿಕೆ ತರುತ್ತಿದ್ದೆವು. ನಾಲ್ಕೇ ಪುಟ. ಕೊನೆಯ ಪುಟದ ಕೆಳಗಡೆ ಸಿನಿಮಾ ಕಾಲಂ. ಆ ಸಲ ಜಾಗ ತುಂಬಲಿಲ್ಲ. ಲೈಬ್ರರಿಗೆ ಬಂದಿದ್ದ ಇಂಗ್ಲಿಷ್ ಪೇಪರಿನಲ್ಲಿ 'ಬೇಸಿಕ್ ಇನ್‌ಸ್ಟಿಂಕ್ಟ್ 2' ಚಿತ್ರವನ್ನು ಹಿಗ್ಗಾಮುಗ್ಗಾ ಬೈದಿದ್ದರು. ಅದನ್ನೇ ಮುಂದಿಟ್ಟುಕೊಂಡು ನಾವೂ ಇನ್ನೂರು ಪದ ಬೈದೆವು. ಹೆಡ್ಡಿಂಗ್ ಹೀಗಿತ್ತು: 'ಅಜ್ಜಿಗೆ ಅರಿವೆಯ ಚಿಂತೆಯೇ ಇಲ್ಲ!' ಗಾದೆಯನ್ನು ತಿರುಚಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಮೇಷ್ಟ್ರೂ ನಕ್ಕಿದ್ದರು.

ನಾವು ಆ ಸಿನಿಮಾ ನೋಡಿರಲಿಲ್ಲ. ನಮ್ಮೂರಿನ ಎರಡು ಟಾಕೀಸುಗಳಿಗೆ ಅದು ಬರುವ ಪ್ರಶ್ನೆಯೂ ಇರಲಿಲ್ಲ.

ಈಗ ಯಾಕೆ ಈ ಮಾತು ಅಂದರೆ, 2025ರಲ್ಲಿ ಹೊಸದೊಂದು 'ಬೇಸಿಕ್ ಇನ್‌ಸ್ಟಿಂಕ್ಟ್' ತಯಾರಾಗಲಿದೆ, ಮೊದಲ ಚಿತ್ರದ ಕಥೆಗಾರ ಜೋ ಎಸ್ಟರ್‌ಹಾಸ್ ಅವರೇ ಚಿತ್ರಕಥೆ ಬರೆಯುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಹಳೇ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಅದನ್ನು ಹಾಕಿದ. ಇನ್ನೊಬ್ಬಳು ಆ ಹಳೇ ಪ್ರಯೋಗ ಪತ್ರಿಕೆಯ ಪುಟದ ಫೋಟೋ ಹಾಕಿದಳು. ಜೊತೆಗೆ ಒಂದೇ ಪ್ರಶ್ನೆ: 'ಆಗ ಆಕೆಗೆ ವಯಸ್ಸೆಷ್ಟು ಗೊತ್ತಾ?' ಗುಂಪು ಸುಮ್ಮನಾಯಿತು. ಆಮೇಲೆ ನಮ್ಮಲ್ಲಿ ಕೆಲವರು ಎರಡೂ ಸಿನಿಮಾ ಕೂತು ನೋಡಿದೆವು. ಅಭಿಪ್ರಾಯ ಒಂದಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಮೊದಲು ಹಿನ್ನೆಲೆ. 'ಬೇಸಿಕ್ ಇನ್‌ಸ್ಟಿಂಕ್ಟ್' ಬಂದದ್ದು 1992ರ ಮಾರ್ಚ್‌ನಲ್ಲಿ. ನಿರ್ದೇಶಕ ಪೌಲ್ ವರ್ಹೋವನ್. ಎಸ್ಟರ್‌ಹಾಸ್ ಅವರ ಚಿತ್ರಕಥೆ 30 ಲಕ್ಷ ಡಾಲರಿಗೆ ಮಾರಾಟವಾಗಿ ಆಗಲೇ ಸುದ್ದಿಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಒಂದು ಕೊಲೆ. ಅನುಮಾನ ಕ್ಯಾಥರೀನ್ ಟ್ರಮೆಲ್ ಎಂಬ ಕಾದಂಬರಿಕಾರ್ತಿಯ ಮೇಲೆ. ತನಿಖೆ ಮಾಡಬೇಕಾದ ಪೊಲೀಸನೇ ಅವಳ ಬಲೆಗೆ ಬೀಳುತ್ತಾನೆ. ಕ್ಯಾಥರೀನ್ ಆಗಿ ಷರೋನ್ ಸ್ಟೋನ್, ಪೊಲೀಸನಾಗಿ ಮೈಕೆಲ್ ಡಗ್ಲಾಸ್. ಸುಮಾರು 4.9 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ 35 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಅದಕ್ಕೂ ಒಮ್ಮತ ಇರಲಿಲ್ಲ ಎನ್ನುವುದನ್ನು ಈಗ ಮರೆತಿದ್ದಾರೆ. 1991ರಲ್ಲಿ ಶೂಟಿಂಗ್ ನಡೆಯುವಾಗಲೇ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿ ಸಮುದಾಯದ ಸಂಘಟನೆಗಳು ಬೀದಿಗಿಳಿದಿದ್ದವು. ತಮ್ಮಂಥ ಹೆಣ್ಣುಮಕ್ಕಳನ್ನು ಕೊಲೆಗಡುಕಿಯರಂತೆ ತೋರಿಸುತ್ತಾರೆ ಎಂಬುದು ಅವರ ಸಿಟ್ಟು. ಸಿನಿಮಾ ಬಿಡುಗಡೆಯಾದಾಗ ಥಿಯೇಟರಿನ ಎದುರು ನಿಂತು ಕೊಲೆಗಾರ್ತಿ ಯಾರು ಎಂದು ಮೊದಲೇ ಹೇಳಿಬಿಡುತ್ತಿದ್ದರು. ಇಂಥ ಸಸ್ಪೆನ್ಸ್ ಸಿನಿಮಾಕ್ಕೆ ಅದಕ್ಕಿಂತ ಜಾಣ ಪ್ರತಿಭಟನೆ ಇನ್ನೊಂದಿಲ್ಲ.

ಇಂಥ ಗೆಲುವಿನ ನಂತರ ಎರಡನೇ ಭಾಗ ಎರಡು ಮೂರು ವರ್ಷದಲ್ಲಿ ಬರಬೇಕಿತ್ತು. ಬರಲು 14 ವರ್ಷ ಬೇಕಾಯಿತು. ಮೊದಲ ಚಿತ್ರ ಮಾಡಿದ್ದ ಕರೊಲ್ಕೊ ಕಂಪನಿ 1995ರಲ್ಲಿ ದಿವಾಳಿಯಾಯಿತು. ಡಗ್ಲಾಸ್ ಮತ್ತೆ ನಟಿಸಲು ಒಪ್ಪಲಿಲ್ಲ. ವರ್ಹೋವನ್ ಬರಲಿಲ್ಲ. 2001ರಲ್ಲಿ ಷರೋನ್ ಸ್ಟೋನ್ ಅವರೇ ನಿರ್ಮಾಪಕರ ಮೇಲೆ 10 ಕೋಟಿ ಡಾಲರಿನ ದಾವೆ ಹಾಕಿದರು. ಸಿನಿಮಾ ಆಗಲಿ ಬಿಡಲಿ, ಕನಿಷ್ಠ 1.4 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟಿದ್ದರು, ಈಗ ತಪ್ಪುತ್ತಿದ್ದಾರೆ ಎನ್ನುವುದು ಅವರ ವಾದ. ಕೊನೆಗೆ ರಾಜಿಯಾಯಿತು. ಅದಾದ ಮೇಲೆಯೇ ಮೈಕೆಲ್ ಕೇಟನ್-ಜೋನ್ಸ್ ನಿರ್ದೇಶನದಲ್ಲಿ ಲಂಡನ್ನಿನಲ್ಲಿ ಸಿನಿಮಾ ಆಯಿತು. 2006ರ ಮಾರ್ಚ್ 31ಕ್ಕೆ ಬಿಡುಗಡೆ.

ಫಲಿತಾಂಶ ಎಲ್ಲರಿಗೂ ಗೊತ್ತು. ಸುಮಾರು 7 ಕೋಟಿ ಡಾಲರ್ ಖರ್ಚು. ಅಮೆರಿಕದಲ್ಲಿ 60 ಲಕ್ಷವೂ ಬರಲಿಲ್ಲ. ಜಗತ್ತೆಲ್ಲ ಸೇರಿಸಿದರೂ 4 ಕೋಟಿ ಮುಟ್ಟಲಿಲ್ಲ. ಕೆಟ್ಟ ಸಿನಿಮಾಗಳಿಗೆ ಕೊಡುವ ರ‍್ಯಾಝಿ ಪ್ರಶಸ್ತಿಗಳಲ್ಲಿ ನಾಲ್ಕನ್ನು ಬಾಚಿತು: ಅತಿ ಕೆಟ್ಟ ಚಿತ್ರ, ಅತಿ ಕೆಟ್ಟ ನಟಿ, ಅತಿ ಕೆಟ್ಟ ಚಿತ್ರಕಥೆ, ಅತಿ ಕೆಟ್ಟ ಮುಂದುವರಿದ ಭಾಗ.

ಆದರೂ ಅಭಿಪ್ರಾಯ ಪೂರ್ತಿ ಒಂದೇ ಕಡೆ ವಾಲಿರಲಿಲ್ಲ. ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಒಂದೂವರೆ ನಕ್ಷತ್ರ ಕೊಟ್ಟರು. ಆದರೆ ಅವರ ಬರಹ ಓದಿದರೆ ನೋಡುವಾಗ ಮಜಾ ತೆಗೆದುಕೊಂಡಿದ್ದು ಗೊತ್ತಾಗುತ್ತದೆ. ಈ ಪಾತ್ರವನ್ನು ಚೆನ್ನಾಗಿ ಮಾಡಲು ಯಾರಿಂದಲೂ ಆಗದು, ಆದರೆ ಕೆಟ್ಟದಾಗಿ ಮಾಡುವುದರಲ್ಲಿ ಷರೋನ್ ಅವರನ್ನು ಮೀರಿಸುವವರಿಲ್ಲ ಎಂಬ ಅರ್ಥದ ಮಾತು ಅವರದು. ಇನ್ನು ಕೆಲವರು ಇದನ್ನು ಗಂಭೀರವಾಗಿ ನೋಡಲೇಬಾರದು, ಅತಿರೇಕವೇ ಇದರ ರುಚಿ ಅಂದರು. ವರ್ಹೋವನ್ ಅವರದೇ 'ಶೋಗರ್ಲ್ಸ್' 1995ರಲ್ಲಿ ಉಗಿಸಿಕೊಂಡು ಆಮೇಲೆ ಅಭಿಮಾನಿಗಳನ್ನು ಗಳಿಸಿತಲ್ಲ, ಹಾಗೆ ಇದಕ್ಕೂ ಒಂದು ಕಾಲ ಬರುತ್ತದೆ ಎನ್ನುವವರು ಈಗಲೂ ಇದ್ದಾರೆ.

ನಮ್ಮ ಗುಂಪಿನಲ್ಲೂ ಹೀಗೇ ಆಯಿತು. ಒಬ್ಬ ಅರ್ಧಕ್ಕೇ ಎದ್ದು ಹೋದ. ಇನ್ನೊಬ್ಬಳು ಕೊನೆಯ ತನಕ ನೋಡಿ, 'ಹೇಳಿದಷ್ಟು ಕೆಟ್ಟದಾಗಿಲ್ಲ ಕಣ್ರೋ' ಅಂದಳು.

ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ಸಿನಿಮಾ ಚೆನ್ನಾಗಿಲ್ಲ. ಆರಂಭವೇನೋ ಜೋರಾಗಿದೆ. ಲಂಡನ್ನಿನ ರಾತ್ರಿ, ಕ್ಯಾಥರೀನ್ ಕಾರು ಓಡಿಸುತ್ತಿದ್ದಾಳೆ, ಪಕ್ಕದಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ (ನಿಜ ಜೀವನದಲ್ಲೂ ಫುಟ್‌ಬಾಲ್ ಆಟಗಾರರಾಗಿದ್ದ ಸ್ಟಾನ್ ಕಾಲಿಮೋರ್), ಕಾರು ನೀರಿಗೆ ಬೀಳುತ್ತದೆ, ಆಕೆ ಈಜಿ ಪಾರಾಗುತ್ತಾಳೆ. ಅವಳ ಮನಃಸ್ಥಿತಿ ಪರೀಕ್ಷಿಸಲು ಬರುವ ಮನೋವೈದ್ಯ ಮೈಕೆಲ್ ಗ್ಲಾಸ್ ಪಾತ್ರದಲ್ಲಿ ಡೇವಿಡ್ ಮಾರಿಸ್ಸಿ. ಇಲ್ಲಿಂದ ಸಿನಿಮಾ ಏದುಸಿರು ಬಿಡುತ್ತದೆ. ಮೊದಲ ಭಾಗದಲ್ಲಿ ಡಗ್ಲಾಸ್ ಮಾಡಿದ ಪೊಲೀಸ್ ಸ್ವತಃ ಅಪಾಯಕಾರಿ ಮನುಷ್ಯ. ಹಾಗಾಗಿ ಇಬ್ಬರಲ್ಲಿ ಯಾರು ಯಾರನ್ನು ನುಂಗುತ್ತಾರೆ ಎಂಬ ಕುತೂಹಲ ಇತ್ತು. ಇಲ್ಲಿ ವೈದ್ಯನದು ಸೋಲಲೆಂದೇ ಬಂದವನ ಮುಖ. ಬೆಕ್ಕು ಇಲಿಯ ಆಟದಲ್ಲಿ ಇಲಿ ಓಡಲೇ ಇಲ್ಲ ಅಂದರೆ ನೋಡುವವರಿಗೇನು ಕೆಲಸ?

ಎರಡನೇ ಕಾರಣ ಆ 14 ವರ್ಷ. 1981ರ 'ಬಾಡಿ ಹೀಟ್', 1987ರ 'ಫೇಟಲ್ ಅಟ್ರ್ಯಾಕ್ಷನ್', 1992ರ 'ಬೇಸಿಕ್ ಇನ್‌ಸ್ಟಿಂಕ್ಟ್', 1994ರ 'ಡಿಸ್‌ಕ್ಲೋಷರ್'. ದೊಡ್ಡ ನಟರು, ದೊಡ್ಡ ದುಡ್ಡು ಹಾಕಿ ಹಾಲಿವುಡ್ ಇಂಥ ಚಿತ್ರ ಮಾಡುತ್ತಿದ್ದ ಕಾಲ ಅದು. 2006ರ ಹೊತ್ತಿಗೆ ಅಲ್ಲಿ ಆ ಸಂತೆ ಮುಗಿದಿತ್ತು. ಕದ್ದು ನೋಡುವ ಆಸೆ ಇದ್ದವರಿಗೆ ಇಂಟರ್ನೆಟ್ ಬಂದಿತ್ತು. ಟಿಕೆಟ್ ತೆಗೆದು ನಾಲ್ಕು ಜನರ ಮಧ್ಯೆ ಕೂರುವ ಅಗತ್ಯವೇ ಇರಲಿಲ್ಲ. ತಮಾಷೆಯೆಂದರೆ ಆ ಸಂತೆ ಅದೇ ಹೊತ್ತಿಗೆ ಮುಂಬೈಯಲ್ಲಿ ಶುರುವಾಗಿತ್ತು. 2003ರಲ್ಲಿ 'ಜಿಸ್ಮ್', 2004ರಲ್ಲಿ 'ಮರ್ಡರ್' ಮತ್ತು 'ಐತರಾಝ್'. ಅವುಗಳ ಕಥೆಯ ಬೇರು ಹುಡುಕಿದರೆ ಇಂಥವೇ ಹಾಲಿವುಡ್ ಚಿತ್ರಗಳು. ನಮ್ಮ ಹಾಸ್ಟೆಲಿನ ಹುಡುಗರಿಗೆ ಕ್ಯಾಥರೀನ್ ಗೊತ್ತಿರಲಿಲ್ಲ, ಮಲ್ಲಿಕಾ ಶೆರಾವತ್ ಗೊತ್ತಿತ್ತು.

ಇಷ್ಟು ಹೇಳಿ ಬೈದಿದ್ದರೆ ಅದು ವಿಮರ್ಶೆ. ಆದರೆ ಆವತ್ತು ಬಂದ ಬೈಗುಳದಲ್ಲಿ ದೊಡ್ಡ ಪಾಲು ಬೇರೆಯದೇ ಆಗಿತ್ತು. ಆಕೆಯ ವಯಸ್ಸು, ಆಕೆಯ ಮುಖದ ಚರ್ಮ, ಆಕೆಯ ಮೈ. ನಮ್ಮ ಹೆಡ್ಡಿಂಗೂ ಅದೇ ತಾನೆ?

ಈಗ ಲೆಕ್ಕ ನೋಡಿ. ಷರೋನ್ ಸ್ಟೋನ್ ಹುಟ್ಟಿದ್ದು 1958ರ ಮಾರ್ಚ್‌ನಲ್ಲಿ. ಎರಡನೇ ಭಾಗ ಬಂದಾಗ 48. ಮೈಕೆಲ್ ಡಗ್ಲಾಸ್ ಹುಟ್ಟಿದ್ದು 1944ರ ಸೆಪ್ಟೆಂಬರ್‌ನಲ್ಲಿ. ಮೊದಲ ಭಾಗ ಬಂದಾಗ 47. ಬೆತ್ತಲೆ ದೃಶ್ಯಗಳು ಆತನಿಗೂ ಇದ್ದವು. ಆತನನ್ನು ಯಾರಾದರೂ ಅಜ್ಜ ಎಂದರೇ? ಒಂದು ವರ್ಷದ ಅಂತರದಲ್ಲಿ ಗಂಡಸು ಹೀರೋ, ಹೆಂಗಸು ಅಜ್ಜಿ. ನಮ್ಮಲ್ಲೂ ಅರವತ್ತು ದಾಟಿದ ಹೀರೋಗಳು ಮೂವತ್ತು ದಾಟದ ನಾಯಕಿಯರ ಜೊತೆ ಕುಣಿಯುತ್ತಾರೆ. ನಾವೇ ಹೋಗಿ ಕಟೌಟಿಗೆ ಹಾಲೆರೆಯುವುದನ್ನು ಫೋಟೋ ಸಹಿತ ಸುದ್ದಿ ಮಾಡಿ ಕಳಿಸುತ್ತೇವೆ. ನಾಯಕಿ ಮದುವೆಯಾಗಿ ಒಂದು ಮಗುವಾದರೆ 'ಮತ್ತೆ ಬರ್ತಾರಾ?' ಎಂದು ಬರೆಯುವವರೂ ನಾವೇ.

ದುಡ್ಡಿನ ವಿಷಯವೂ ಹೀಗೇ. ಮೊದಲ ಚಿತ್ರಕ್ಕೆ ತನಗೆ ಸಿಕ್ಕಿದ್ದು 5 ಲಕ್ಷ ಡಾಲರ್, ಡಗ್ಲಾಸ್‌ಗೆ 1.4 ಕೋಟಿ ಎಂದು ಷರೋನ್ ಅವರೇ ಹೇಳಿಕೊಂಡಿದ್ದಾರೆ. ಇಡೀ ಜಗತ್ತು ಆ ಸಿನಿಮಾ ನೆನಪಿಟ್ಟುಕೊಂಡದ್ದು ಯಾರ ಮುಖದಿಂದ? ಎರಡನೇ ಭಾಗಕ್ಕೆ ಆಕೆ ಕೇಳಿದ್ದು ಆತ ಒಂಬತ್ತು ವರ್ಷ ಮೊದಲೇ ಪಡೆದಷ್ಟನ್ನೇ. ಅದಕ್ಕೆ ಆಕೆಗೆ ದುರಾಸೆಯವಳು ಎಂಬ ಹೆಸರು ಬಂತು.

ಈ ಜಾಗದಲ್ಲಿ ನಮಗೆ, ಅಂದರೆ ಜಿಲ್ಲಾ ವರದಿಗಾರರಿಗೆ, ಸ್ವಲ್ಪ ಚುಚ್ಚಿತು. ಬಾಯಿಮಾತಿನ ಒಪ್ಪಂದ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 'ನೀವು ಸುದ್ದಿ ಕಳಿಸ್ತಾ ಇರಿ, ಮುಂದಿನ ತಿಂಗಳಿಂದ ಏನಾದರೂ ಮಾಡೋಣ' ಎಂದ ಪತ್ರಿಕೆಗೆ ನಮ್ಮಲ್ಲೊಬ್ಬ ಹನ್ನೊಂದು ತಿಂಗಳು ಸ್ವಂತ ಪೆಟ್ರೋಲ್ ಹಾಕಿಕೊಂಡು ಸುದ್ದಿ ಕಳಿಸಿದ. ಬಂದದ್ದು ಒಂದು ಗುರುತಿನ ಚೀಟಿ ಮಾತ್ರ. ಅವನು ಕೇಸು ಹಾಕಲಿಲ್ಲ, ಹಾಕುವ ತಾಕತ್ತೂ ಇರಲಿಲ್ಲ. ಕೋಟಿ ಡಾಲರಿನ ನಟಿಯನ್ನೂ ತಾಲೂಕು ವರದಿಗಾರನನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದೇವೆ ಎಂದು ನಗಬಹುದು, ನಗಿ. ಆದರೆ ಮಾತು ಕೊಟ್ಟು ತಪ್ಪಿದವರನ್ನು ಪ್ರಶ್ನಿಸಿದ್ದಕ್ಕೆ ಒಬ್ಬಳನ್ನು ದುರಾಸೆಯವಳು ಎಂದು ಬರೆದ ಕೈ ನಮ್ಮದೂ ಹೌದು.

ಇನ್ನೊಂದು ಮಾತು. ಮೊದಲ ಚಿತ್ರದ ಆ ಪ್ರಸಿದ್ಧ ವಿಚಾರಣೆಯ ದೃಶ್ಯದ ಬಗ್ಗೆ ಷರೋನ್ 2021ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಏನು ಕಾಣುತ್ತದೆ ಎಂಬುದನ್ನು ತನಗೆ ಸರಿಯಾಗಿ ಹೇಳದೆ ಚಿತ್ರೀಕರಿಸಿದರು ಎಂಬುದು ಅವರ ಮಾತು. ವರ್ಹೋವನ್ ಇದನ್ನು ಒಪ್ಪುವುದಿಲ್ಲ, ಆಕೆಗೆ ಎಲ್ಲಾ ಗೊತ್ತಿತ್ತು ಎನ್ನುತ್ತಾರೆ. ಯಾರು ಸರಿ ಎಂದು ತೀರ್ಪು ಕೊಡಲು ನಾವು ಆ ಸೆಟ್ಟಿನಲ್ಲಿರಲಿಲ್ಲ. ಆದರೆ ಇದನ್ನು ಓದಿದ ಮೇಲೆ ಎರಡನೇ ಭಾಗ ನಮಗೆ ಬೇರೆ ಥರ ಕಂಡಿತು. ಇಲ್ಲಿ ಆಕೆಗೆ ತಾನೇನು ಮಾಡುತ್ತಿದ್ದೇನೆ ಎಂಬುದು ಪೂರ್ತಿ ಗೊತ್ತಿದೆ. ಸಿನಿಮಾ ಸೋತಿದೆ, ಆಕೆ ಮಾತ್ರ ಒಂದು ಕ್ಷಣವೂ ಮುಜುಗರಪಡದೆ ಆ ಪಾತ್ರವನ್ನು ಹೊತ್ತು ನಡೆದಿದ್ದಾರೆ. ಅರ್ಧಕ್ಕೆ ಎದ್ದು ಹೋದವನು ಇದನ್ನು ಒಪ್ಪುವುದಿಲ್ಲ. ಇದೆಲ್ಲ ನಿಮ್ಮ ತಪ್ಪಿತಸ್ಥ ಭಾವನೆ, ಕೆಟ್ಟ ನಟನೆಗೆ ಕೆಟ್ಟ ನಟನೆ ಅನ್ನಬೇಕಪ್ಪಾ ಎನ್ನುತ್ತಾನೆ. ಅವನ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಕನಿಕರಕ್ಕೆ ಹೊಗಳುವುದೂ ಒಂದು ಬಗೆಯ ಸುಳ್ಳು ವಿಮರ್ಶೆಯೇ.

ಹೀಗೆ ಭಿನ್ನಾಭಿಪ್ರಾಯ ಹಾಗೇ ಉಳಿದಿದೆ, ಉಳಿಯಲಿ. ಅವನು ಅರ್ಧ ನೋಡಿ ಬೈಯುತ್ತಿದ್ದಾನೆ, ಅವಳು ಪೂರ್ತಿ ನೋಡಿ ಹೊಗಳುತ್ತಿದ್ದಾಳೆ, ಇಬ್ಬರಿಗೂ ಹಕ್ಕಿದೆ. 2006ರಲ್ಲಿ ನಮಗೆ ಆ ಹಕ್ಕು ಇರಲಿಲ್ಲ. ಬೇರೆಯವರ ಬೈಗುಳವನ್ನು ಕನ್ನಡಕ್ಕೆ ತಂದು ಅದಕ್ಕೆ ನಮ್ಮೂರಿನ ಗಾದೆಯ ಒಗ್ಗರಣೆ ಹಾಕಿದ್ದೆವು. ಇವತ್ತೂ ನಮ್ಮ ಬಹಳ ಸುದ್ದಿಮನೆಗಳಲ್ಲಿ ಇದೇ ನಡೆದಿದೆ. ಟ್ರೇಲರಿನ ಕೆಳಗಿನ ನಾಲ್ಕು ಕಮೆಂಟ್ ನೋಡಿ 'ನೆಟ್ಟಿಗರು ಗರಂ' ಎಂದು ಹೆಡ್ಡಿಂಗ್ ಕೊಡುತ್ತೇವೆ. ಹೊಸ 'ಬೇಸಿಕ್ ಇನ್‌ಸ್ಟಿಂಕ್ಟ್' ಬಂದರೆ ಅದಕ್ಕೂ ಹೀಗೇ ಆಗುತ್ತದೆ.

ನಮ್ಮ ಆ ಪ್ರಯೋಗ ಪತ್ರಿಕೆ ಈಗ ಇಲ್ಲ, ತಿದ್ದುಪಡಿ ಹಾಕಲು ಜಾಗವೂ ಇಲ್ಲ. ಹಾಗಾಗಿ ಇಲ್ಲೇ ಹಾಕುತ್ತಿದ್ದೇವೆ: 2006ರ ನಮ್ಮ ಸಂಚಿಕೆಯ ನಾಲ್ಕನೇ ಪುಟದಲ್ಲಿ ಪ್ರಕಟವಾದ ವಿಮರ್ಶೆಯನ್ನು ಚಿತ್ರ ನೋಡದೆ ಬರೆಯಲಾಗಿತ್ತು. ಹೆಡ್ಡಿಂಗಿಗೆ ವಿಷಾದಿಸುತ್ತೇವೆ. ಚಿತ್ರ ಚೆನ್ನಾಗಿಲ್ಲ ಎಂಬ ಅಭಿಪ್ರಾಯ ಮಾತ್ರ, ಈಗ ನೋಡಿದ ಮೇಲೆ, ನಮ್ಮದೇ.