ಮೆಟ್ಟುವ ಕಾಲು ಯಾರದು?

ಗಿಟಾರ್ ವಾದಕನು ಕಛೇರಿಯ ನಡುವೆ ಪೆಡಲು ಮೆಟ್ಟಿ ನಾದ ಬದಲಿಸಿದರೆ ಅದು ಗಾರುಡಿ, ಸಂಗೀತವಲ್ಲವೆಂದು ಮೂಗು ಮುರಿಯುವ ರಸಿಕರುಂಟು. ನಾನೊಪ್ಪಲಾರೆ. 1969ರ ಆಗಸ್ಟಿನಲ್ಲಿ ಅಮೆರಿಕದ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ದೇಶದ ರಾಷ್ಟ್ರಗೀತೆಯನ್ನು ನುಡಿಸುತ್ತ, ದನಿಯನ್ನು ಒರಟಾಗಿಸುವ ಫಜ್ ಪೆಡಲನ್ನು ಮೆಟ್ಟಿ, ತಂತಿಯಿಂದಲೇ ಬಾಂಬಿನ ಮೊರೆತವನ್ನು ಎಬ್ಬಿಸಿದನು. ವಿಯೆಟ್ನಾಂ ಯುದ್ಧದ ದಿನಗಳವು. ಆ ನಾದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ.

ನನ್ನ ತಕರಾರು ಬೇರೆ. ಇಂದಿನ ಅನೇಕ ವೇದಿಕೆಗಳಲ್ಲಿ ಯಾವ ಸಾಲಿಗೆ ಯಾವ ನಾದವೆಂಬುದನ್ನು ಕಂಪ್ಯೂಟರಿಗೆ ಮೊದಲೇ ಒಪ್ಪಿಸಿರುತ್ತಾರೆ. ಗಳಿಗೆ ಬಂದೊಡನೆ ಅದೇ ಬದಲಿಸುತ್ತದೆ. ತಪ್ಪುವ ಭಯವಿಲ್ಲ, ನಿಜ. ಆದರೆ ಹುರುಪು ಬಂದು ವಾದಕನು ಇನ್ನೊಂದು ಆವರ್ತ ನುಡಿಸಹೊರಟರೆ ಯಂತ್ರ ಕಾದೀತೆ? ಗಡಿಯಾರಕ್ಕೆ ಅಂಜಿ ನುಡಿಸುವುದು ಕಛೇರಿಯಲ್ಲ, ಕವಾಯತು. ಪೆಡಲುಗಳು ಎಷ್ಟಾದರೂ ಇರಲಿ. ಮೆಟ್ಟುವ ಕಾಲು ಮಾತ್ರ ವಾದಕನದೇ ಆಗಿರಲಿ.