ಮೂರು ಸಲ ಪಟ್ಟಿಗೆ ಬಂದ 23ನೇ ನಂಬರ್

ಅಪ್ರೈಸಲ್ ಸೀಸನ್ ಬಂತು ಅಂದ್ರೆ ನಮ್ಮ ಆಫೀಸ್ ಕ್ಯಾಂಟೀನ್‌ನಲ್ಲಿ ಒಂದೇ ಮಾತು: ಈ ರೇಟಿಂಗ್ ಕೊಡೋರು ನಮ್ಮ ಕೆಲಸ ನೋಡ್ತಾರಾ, ಮುಖ ನೋಡ್ತಾರಾ? ನನಗೆ ಆಗೆಲ್ಲ ನೆನಪಾಗೋನು ಟೆಕ್ಸಾಸ್‌ನ ಜೆರ್ರಿ ಲೆವಿಯಾಸ್.

ಅಮೆರಿಕದ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕ್ಕೊಂಡು ಚೆಂಡು ಕೈಯಲ್ಲಿ ಹಿಡಿದು ನುಗ್ಗೋ ಆಟ) ನಡೆಯೋದು ಕಾನ್ಫರೆನ್ಸ್‌ಗಳಲ್ಲಿ. ಕಾಲೇಜುಗಳ ಲೀಗ್ ಅಂದ್ಕೊಳ್ಳಿ. ಸೀಸನ್ ಮುಗಿದ ಮೇಲೆ ಎಪಿ, ಯುಪಿಐ ಸುದ್ದಿಸಂಸ್ಥೆಗಳು ಒಂದೊಂದು ಜಾಗಕ್ಕೂ ಲೀಗಿನ ಅತ್ಯುತ್ತಮ ಆಟಗಾರರನ್ನು ಹೆಸರಿಸಿ 'ಆಲ್-ಕಾನ್ಫರೆನ್ಸ್' ತಂಡ ಪ್ರಕಟಿಸುತ್ತಿದ್ದವು. ಈ ತಂಡ ಎಲ್ಲೂ ಆಡೋದಿಲ್ಲ, ಕಾಗದದ ಮೇಲಷ್ಟೇ ಇರುತ್ತೆ. 1953ರ ನಂತರ ಕೆಲ ವರ್ಷ ಆಟಗಾರರನ್ನು ಬೇಕೆಂದಾಗ ಬದಲಿಸುವಂತಿರಲಿಲ್ಲ. ದಾಳಿಗೂ ರಕ್ಷಣೆಗೂ ಅದೇ ಜನ, ಪಟ್ಟಿಯಲ್ಲಿ 11 ಹೆಸರು. 1960ರ ದಶಕದ ಮಧ್ಯದಲ್ಲಿ ನಿಯಮ ಸಡಿಲವಾಗಿ 22 ಆಯ್ತು.

ಸೌತ್‌ವೆಸ್ಟ್ ಕಾನ್ಫರೆನ್ಸ್‌ನಲ್ಲಿ ಆಗ ಎಂಟು ಕಾಲೇಜು: ಟೆಕ್ಸಾಸ್‌ನ ಏಳು, ಜೊತೆಗೆ ಅರ್ಕಾನ್ಸಾ. ದಶಕಗಳ ಕಾಲ ಆಡಿದವರೆಲ್ಲ ಬಿಳಿಯರೇ. 1965ರಲ್ಲಿ ಡಲ್ಲಾಸ್‌ನ ಎಸ್‌ಎಂಯು ಕೋಚ್ ಹೇಡನ್ ಫ್ರೈ ಕಪ್ಪು ಹುಡುಗ ಲೆವಿಯಾಸ್‌ಗೆ ಸ್ಕಾಲರ್‌ಶಿಪ್ ಕೊಟ್ಟರು. ಆ ಲೀಗಿನಲ್ಲಿ ಕಪ್ಪು ಫುಟ್‌ಬಾಲ್ ಆಟಗಾರನಿಗೆ ಸಿಕ್ಕ ಮೊದಲ ಸ್ಕಾಲರ್‌ಶಿಪ್ ಅದು. ಸಣ್ಣ ಆಳು, ಓಟ ಮಾತ್ರ ಮಿಂಚು. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಹಾಗಾಗಿ ಸಿಕ್ಕಿದ್ದು ಮೂರೇ ಸೀಸನ್: 1966, 67, 68. ಮೊದಲ ಸೀಸನ್ನಲ್ಲೇ ಎಸ್‌ಎಂಯು ಲೀಗ್ ಗೆದ್ದಿತು. ಜೊತೆಗೆ ಕೊಲೆ ಬೆದರಿಕೆ, ಬೈಗುಳ. ರೂಮ್ ಹಂಚಿಕೊಳ್ಳೋಕೂ ಯಾರೂ ಬರಲಿಲ್ಲ.

1968ರಲ್ಲಿ ಟಿಸಿಯು ವಿರುದ್ಧ ಪಂದ್ಯ. ಎದುರಾಳಿಯೊಬ್ಬ ಮುಖಕ್ಕೆ ಉಗಿದ. ಲೆವಿಯಾಸ್ ಹೆಲ್ಮೆಟ್ ಎಸೆದು, ಇನ್ನು ಆಡಲ್ಲ ಅಂತ ಬೆಂಚಿಗೆ ಹೋಗಿ ಕೂತ. ಫ್ರೈ ಪಕ್ಕದಲ್ಲಿ ಕೂತು ಮಾತಾಡಿದರು. ಸ್ಕೋರ್ 14-14. ಎದ್ದು ಹೋದವನು ಟಿಸಿಯು ಒದ್ದ ಚೆಂಡು ಹಿಡಿದು 89 ಗಜ ಓಡಿ ಗೆಲುವಿನ ಅಂಕ ತಂದ. ನಿಜ ಹೇಳ್ತೀನಿ, ಆ ಜಾಗದಲ್ಲಿ ನಾನಿದ್ರೆ ಎದ್ದೇ ಇರ್ತಿರಲಿಲ್ಲ.

ಮೂರು ಸೀಸನ್, ಮೂರೂ ಸಲ ಆಲ್-ಕಾನ್ಫರೆನ್ಸ್. ಪಟ್ಟಿ ಮಾಡಿದವರೆಲ್ಲ ದೊಡ್ಡ ಮನಸ್ಸಿನವರು ಅಂತ ನಾನು ನಂಬಲ್ಲ. 1968ರಲ್ಲಿ ಅವನು ಹಿಡಿದ ಪಾಸ್‌ಗಳೇ 80. ಅಂಥವನನ್ನು ಬಿಟ್ಟು ಪಟ್ಟಿ ಮಾಡಿದ್ರೆ ಓದುಗರೇ ನಗ್ತಿದ್ರು. ನಮ್ಮಲ್ಲಿ ಎಷ್ಟು ಜನರ ಕೆಲಸ ಹಾಗೆ ಎಣಿಸೋಕೆ ಸಿಗುತ್ತೆ? ಪ್ರೊಡಕ್ಷನ್ ಬಿದ್ದಾಗ ರಾತ್ರಿಯಿಡೀ ಕೂತು ಎತ್ತಿದವಳ ಹೆಸರು ಯಾವ ಶೀಟ್‌ನಲ್ಲೂ ಇರಲ್ಲ.

ಮುಂದಿನ ವರ್ಷ ಲೆವಿಯಾಸ್ ಹ್ಯೂಸ್ಟನ್ ಆಯ್ಲರ್ಸ್ ಸೇರಿದ.